ಹೋಗುವಾಗ ಹಗುರ, ಬರುವಾಗ ಭಾರ

ನ್ಯೂಜಿಲೆಂಡಿನ ಬೆಟ್ಟಗಳಲ್ಲಿ ಬೇಟೆಯಾಡಿ ಬಂದಿದ್ದೇನೆ ಎಂಬ ಸುದ್ದಿ ಹಬ್ಬಿದ ಮೇಲೆ ನಾಪೋಕ್ಲು ಪೇಟೆಯಲ್ಲಿ ಎದುರಾದವರೆಲ್ಲ ಕೇಳುವ ಮೊದಲ ಪ್ರಶ್ನೆ ಒಂದೇ: ‘ಯಾವ ಕೋವಿ?’ ಎರಡನೆಯದು, ‘ಎಷ್ಟು ದೂರದಿಂದ ಹೊಡೆದಿರಿ?’ ಕೊಡಗಿನವರು ಇನ್ನೇನು ಕೇಳಿಯಾರು! ಯಾವ ಚೀಲ, ಯಾವ ಬೂಟು, ರಾತ್ರಿ ಏನು ಹೊದ್ದು ಮಲಗಿದೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಿಯೇ ತೀರುತ್ತೇನೆಂದು ಕುಳಿತಿದ್ದೇನೆ. ಅಲ್ಲಿ ಕೋವಿಗೆ ಕೆಲಸ ಇರುವುದು ಎರಡು ನಿಮಿಷ. ಉಳಿದಷ್ಟೂ ಹೊತ್ತು ದುಡಿಯುವುದು ಬೆನ್ನು ಮತ್ತು ಕಾಲು.

ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ಬ್ರಹ್ಮಗಿರಿಯ ಕಡೆಗೋ ಪುಷ್ಪಗಿರಿಯ ಕಡೆಗೋ ಕೋವಿ ಹೆಗಲಿಗೇರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಮುಗಿದ ಕಥೆ. ಕೊಡವರಿಗೂ ಜಮ್ಮಾ ಎಂಬ ಪಿತ್ರಾರ್ಜಿತ ಭೂಮಿಯ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಿದ್ದಾರೆ. ಆದರೆ ಅದು ಕೋವಿ ಇಟ್ಟುಕೊಳ್ಳಲು ಸಿಕ್ಕ ವಿನಾಯಿತಿಯೇ ಹೊರತು ಹಂದಿಗೋ ಕಡವೆಗೋ ಗುರಿಯಿಡಲು ಸಿಕ್ಕ ಅಪ್ಪಣೆಯಲ್ಲ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನಂದು ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸುತ್ತೇವೆ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿ ಒಡೆಯುತ್ತೇವೆ, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತೇವೆ. ಅಲ್ಲಿಗೆ ನಿಲ್ಲಿಸಬೇಕು. ತೋಟಕ್ಕೆ ನುಗ್ಗುವ ಹಂದಿಗಳ ಮೇಲೆ ನನಗೆ ಸಿಟ್ಟಿಲ್ಲವೆಂದಲ್ಲ, ಆ ಜಗಳ ಬೇರೆ.

ನ್ಯೂಜಿಲೆಂಡಿನ ಲೆಕ್ಕ ನಮ್ಮದಕ್ಕೆ ತಿರುವುಮುರುವು. ಆ ದ್ವೀಪಗಳ ನೆಲದ ಮೇಲೆ ಮೂಲತಃ ಬಾವಲಿ ಬಿಟ್ಟರೆ ಬೇರೆ ಸಸ್ತನಿಗಳೇ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬೇಟೆಯ ಮೋಜಿಗೆಂದು 1904ರಲ್ಲಿ ಹಿಮಾಲಯದ ಥಾರ್ ಎಂಬ ಕಾಡುಮೇಕೆಗಳನ್ನು ತಂದು ಅಒರಾಕಿ (ಮೌಂಟ್ ಕುಕ್) ಪರ್ವತದ ಬಳಿ ಬಿಟ್ಟರು. ಹಿಡಿದು ತಿನ್ನಲು ಹುಲಿಯಿಲ್ಲ, ಚಿರತೆಯಿಲ್ಲ. ಅವು ಹೆಚ್ಚಿದವು, ಬೆಟ್ಟದ ಮೇಲಿನ ಅಪರೂಪದ ಗಿಡಗಳನ್ನು ಮೇಯ್ದು ಬೋಳಿಸತೊಡಗಿದವು. 1993ರಲ್ಲಿ ಸರ್ಕಾರ ಒಂದು ಯೋಜನೆ ಮಾಡಿ, ಹತ್ತು ಸಾವಿರ ದಾಟಬಾರದು ಎಂದು ಮಿತಿ ಹಾಕಿತು. ಸರ್ಕಾರವೇ ಹೆಲಿಕಾಪ್ಟರಿನಿಂದ ಹೊಡೆಸುತ್ತದೆ. ಸಾರ್ವಜನಿಕ ಭೂಮಿಯಲ್ಲಿ ಬೇಟೆಯಾಡಲು ಸಂರಕ್ಷಣಾ ಇಲಾಖೆ ಉಚಿತವಾಗಿ ಅನುಮತಿ ಪತ್ರ ಕೊಡುತ್ತದೆ. ನಮ್ಮ ಅರಣ್ಯ ಇಲಾಖೆಯವರಿಗೆ ಇದನ್ನು ಹೇಳಿದರೆ ನಾನು ಬೆಳಿಗ್ಗೆಯೇ ಕುಡಿದು ಬಂದಿದ್ದೇನೆ ಎಂದುಕೊಂಡಾರು.

ನನ್ನ ತಂಗಿಯ ಮಗ ಕ್ರೈಸ್ಟ್‌ಚರ್ಚಿನಲ್ಲಿ ಎಂಜಿನಿಯರ್. ‘ಮಾವ, ಮೇ ತಿಂಗಳಲ್ಲಿ ಬನ್ನಿ, ಥಾರ್‌ಗಳು ಬೆದೆಗೆ ಬರುವ ಕಾಲ, ಗಂಡುಗಳ ಕುತ್ತಿಗೆ ತುಂಬ ಕೇಸರ ತುಂಬಿರುತ್ತದೆ’ ಎಂದು ಕರೆಯುತ್ತಲೇ ಇದ್ದ. ನಮಗೂ ಅದು ಅನುಕೂಲದ ಹೊತ್ತು: ಕಾಫಿ ಅರಳಿಸುವ ಹೂಮಳೆ ಮುಗಿದಿರುತ್ತದೆ, ಮುಂಗಾರು ಇನ್ನೂ ಬಂದಿರುವುದಿಲ್ಲ, ತೋಟದಲ್ಲಿ ಮೈಮುರಿಯುವ ಕೆಲಸವಿರುವುದಿಲ್ಲ. ಪ್ರವಾಸಿಗರಿಗೆ ಕೊಡುವ ಕೋವಿ ಪರವಾನಗಿಗೆ ಅರ್ಜಿ ಹಾಕಿದೆ. ಕೋವಿ ಅವನದೇ ಇನ್ನೊಂದು ಇತ್ತು. ಉಳಿದದ್ದಕ್ಕೆ ಒಂದು ಪಟ್ಟಿ ಕಳುಹಿಸಿದ, ಪ್ರತಿಯೊಂದರ ಮುಂದೆಯೂ ಗ್ರಾಂ ಲೆಕ್ಕ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರೆ ಇಷ್ಟು ಉಳಿತಾಯ ಎಂಬಲ್ಲಿಗೆ ಬಂದಾಗ ಹುಡುಗನಿಗೆ ಏನೋ ಆಗಿದೆ ಎಂದುಕೊಂಡೆ. ನಾನು ಇನ್ನೊಂದು ಜಾತಿಯವನು. ಮಡಿಕೇರಿಗೆ ಹೋಗುವುದಿದ್ದರೂ ಜೀಪಿನಲ್ಲಿ ಕತ್ತಿ, ಹಗ್ಗ, ಟಾರ್ಪಾಲು, ಒಂದು ಗೊನೆ ಬಾಳೆಹಣ್ಣು ಇರಬೇಕು.

ಆದರೂ ಅವನ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಅವನು ಅದನ್ನು ಚಾರಣಿಗರಿಂದ ಎರವಲು ತಂದಿದ್ದ. ಚಾರಣಕ್ಕೆ ಹೋದವನ ಚೀಲ ದಿನ ಕಳೆದಂತೆ ಇಳಿಯುತ್ತದೆ. ಅಕ್ಕಿ ಮುಗಿಯುತ್ತದೆ, ಗ್ಯಾಸ್ ಮುಗಿಯುತ್ತದೆ, ಕೊನೆಯ ದಿನ ಬೆನ್ನಿನ ಮೇಲೆ ಬರೀ ಕೊಳೆ ಬಟ್ಟೆ. ಬೇಟೆಗೆ ಹೋದವನದು ಹಾಗಲ್ಲ. ಅದೃಷ್ಟ ಒಲಿಯಿತೆಂದರೆ ದಣಿದು ಕಂಗೆಟ್ಟ ಕೊನೆಯ ದಿನವೇ ಹೊರೆ ಇಮ್ಮಡಿಯಾಗುತ್ತದೆ. ಬೆಳೆದ ಗಂಡು ಥಾರ್ ಎಪ್ಪತ್ತು ಕಿಲೋ ದಾಟುವುದುಂಟು. ಮೂಳೆ ಬಿಡಿಸಿ ಮಾಂಸ ಮಾತ್ರ ಕಟ್ಟಿಕೊಂಡರೂ ಇಪ್ಪತ್ತು ಕಿಲೋಗೆ ಮೋಸವಿಲ್ಲ. ಚರ್ಮ, ಕೊಂಬು ಬೇಕೆಂದರೆ ಅದರ ಮೇಲೆ. ಅಜ್ಜನ ಕಾಲದಲ್ಲಿ ಊರಿಗೆ ಊರೇ ನಾಯಿಗಳ ಸಮೇತ ಕಾಡಿಗಿಳಿಯುತ್ತಿತ್ತು, ಹೊರಲು ಹೆಗಲುಗಳಿದ್ದವು, ಹೊತ್ತವರಿಗೆಲ್ಲ ಪಾಲಿತ್ತು. ನಾವಿದ್ದದ್ದು ಇಬ್ಬರು. ಹಾಗಾಗಿ ನನ್ನ ಲೆಕ್ಕ ಹೀಗೆ: ಎಲ್ಲವನ್ನೂ ಹಗುರ ಮಾಡು, ಆದರೆ ಮಾಂಸವನ್ನು ಹೊರುವ ಚೀಲ, ಆ ಚೀಲವನ್ನು ಹೊರುವ ಬೂಟು, ಇವೆರಡರಲ್ಲಿ ಜಿಪುಣತನ ಬೇಡ. ಇದನ್ನು ಅಳಿಯನಿಗೆ ಒಪ್ಪಿಸಲು ವಾರಗಟ್ಟಲೆ ಫೋನಿನಲ್ಲಿ ಜಗಳವಾಡಿದ್ದೇನೆ.

ಚೀಲದಿಂದಲೇ ಶುರು ಮಾಡುತ್ತೇನೆ. ಅವನು ಹೇಳಿದ್ದು ಒಳಗೆ ಚೌಕಟ್ಟೇ ಇಲ್ಲದ, 900 ಗ್ರಾಮಿನ ಚೀಲ. ಬೆಂಗಳೂರಿನಲ್ಲಿ ಚಾರಣದ ಹುಚ್ಚಿರುವ ಗೆಳೆಯರೊಬ್ಬರಲ್ಲಿ ಅಂಥದ್ದು ಇತ್ತು, ತರಿಸಿಕೊಂಡೆ. ಇನ್ನೊಂದು, ಬೇಟೆಗೆಂದೇ ಮಾಡಿದ, ಬೆನ್ನಿಗೆ ಗಟ್ಟಿ ಚೌಕಟ್ಟಿರುವ 2.3 ಕಿಲೋ ಚೀಲ. ಅಳಿಯ ಬಳಸಿ ಮೂಲೆಗೆಸೆದಿದ್ದನ್ನು ತಂಗಿ ರಜೆಗೆ ಬಂದಾಗ ಹೊತ್ತು ತಂದಳು. ಎರಡನ್ನೂ ಕಾಫಿ ಕುಯಿಲಿನ ಹೊತ್ತಿನಲ್ಲಿ ಪರೀಕ್ಷೆ ಮಾಡಿದೆ. ನಮ್ಮ ತೋಟದ ಕೆಳಗೆ ತೊರೆ ಇದೆ. ಅಲ್ಲಿಂದ ಕಣದವರೆಗಿನ ದಾರಿ ನೇರ ಏರು, ಕೆಲವು ಕಡೆ ಕೈಯೂರಿಯೇ ಹತ್ತಬೇಕು. ಹಣ್ಣು ಕಾಫಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಮೆಣಸು ತೂಗುವ ಯಂತ್ರದ ಮೇಲಿಟ್ಟು, ಸರಿಯಾಗಿ 28 ಕಿಲೋ ಮಾಡಿದೆ.

ಚೌಕಟ್ಟಿಲ್ಲದ ಚೀಲ 12 ಕಿಲೋವರೆಗೆ ಬಂಗಾರದಂಥದ್ದು, ಬೆನ್ನಿನ ಮೇಲೆ ಇದೆಯೋ ಇಲ್ಲವೋ ತಿಳಿಯುವುದಿಲ್ಲ. 28 ಹಾಕಿದ ಕೂಡಲೇ ಅದರ ತಳ ಜೋತುಬಿದ್ದು ಕುಂಡೆಗೆ ಬಡಿಯತೊಡಗಿತು. ಸೊಂಟದ ಪಟ್ಟಿ ಎಷ್ಟು ಬಿಗಿದರೂ ಮೇಲಕ್ಕೆ ಜಾರಿ ಹೊಟ್ಟೆಯನ್ನು ಹಿಂಡಿತು. ಭಾರವೆಲ್ಲ ಹೆಗಲಿನ ಎರಡು ಪಟ್ಟಿಗಳ ಮೇಲೆ ಬಿದ್ದು, ಅರ್ಧ ಏರುವಷ್ಟರಲ್ಲಿ ಬಲಗೈಯ ಬೆರಳುಗಳು ಜೋಮು ಹಿಡಿದವು. ಚೌಕಟ್ಟಿನ ಚೀಲದಲ್ಲಿ ಅಷ್ಟೇ ಭಾರ ಸೊಂಟದ ಮೂಳೆಯ ಮೇಲೆ ಕುಳಿತಿತು. ಹೆಗಲಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ತೂರುತ್ತಿದ್ದವು. ಅದರಲ್ಲಿ ಇನ್ನೊಂದು ಉಪಾಯವಿದೆ: ಚೀಲವನ್ನು ಚೌಕಟ್ಟಿನಿಂದ ಸ್ವಲ್ಪ ಸಡಿಲಿಸಿ, ನಡುವೆ ಮಾಂಸದ ಗಂಟನ್ನು ಸಿಕ್ಕಿಸಿ ಮತ್ತೆ ಬಿಗಿಯಬಹುದು. ಭಾರ ಬೆನ್ನಿಗೆ ಅಂಟಿಕೊಂಡಿರುತ್ತದೆ, ರಕ್ತ ಬಟ್ಟೆಗಳಿಗೆ ತಾಗುವುದಿಲ್ಲ. ಹೆಚ್ಚಿನ 1.4 ಕಿಲೋಗೆ ಸಿಕ್ಕ ಲಾಭ ಇದು. ಕಣದ ಬಳಿ ಕಾಫಿ ಹರಡುತ್ತಿದ್ದ ಹಿರಿಯ ಆಳೊಬ್ಬ ನನ್ನ ಏದುಸಿರು ನೋಡಿ, ‘ತಲೆಯ ಮೇಲೆ ಸಿಂಬೆ ಇಟ್ಟು ಹೊತ್ತಿದ್ದರೆ ಇಷ್ಟು ಕಷ್ಟವಿತ್ತೇ ಸಾಹುಕಾರರೇ’ ಎಂದ. ಅವನು ಐವತ್ತು ಕಿಲೋ ಮೂಟೆಯನ್ನು ಹಾಗೆಯೇ ಹೊರುತ್ತಾನೆ, ನನ್ನಲ್ಲಿ ಉತ್ತರವಿರಲಿಲ್ಲ.

ಇನ್ನು ಬೂಟು. ಕಾಲಿನ ಮೇಲಿನ ಭಾರ ಬೆನ್ನಿನ ಮೇಲಿನ ಅದೇ ಭಾರಕ್ಕಿಂತ ಐದಾರು ಪಟ್ಟು ದಣಿವು ತರುತ್ತದೆ ಎಂದು ಸೈನಿಕರ ಮೇಲೆ ನಡೆದ ಪರೀಕ್ಷೆಗಳಿಂದ ಗೊತ್ತಾಗಿದೆ. ಅದನ್ನೇ ಹಿಡಿದು ಇತ್ತೀಚೆಗೆ ಎಲ್ಲರೂ ಓಟದ ಬೂಟಿನಲ್ಲಿ ಬೆಟ್ಟ ಹತ್ತುತ್ತಾರೆ. ತಡಿಯಂಡಮೋಳ್ ಆದರೆ ನಾನೂ ಬೇಡವೆನ್ನುವುದಿಲ್ಲ. ಅದು 1,748 ಮೀಟರ್, ನಮ್ಮ ಜಿಲ್ಲೆಯಲ್ಲೇ ಎತ್ತರದ್ದು, ಆದರೂ ನಾಲ್ಕುನಾಡು ಅರಮನೆಯಿಂದ ಮೇಲಕ್ಕೆ ಕಾಲುದಾರಿ ಇದೆ. ಥಾರ್ ಇರುವಲ್ಲಿ ದಾರಿಯಿಲ್ಲ. ಕಡಿದಾದ ಹುಲ್ಲಿನ ಇಳಿಜಾರನ್ನು ಅಡ್ಡಡ್ಡ ದಾಟಬೇಕು, ಪಾದದ ಒಂದು ಅಂಚು ಮಾತ್ರ ನೆಲಕ್ಕೆ ತಾಗಿರುತ್ತದೆ. ಆಮೇಲೆ ಕಾಲಿಟ್ಟಲ್ಲೆಲ್ಲ ಜಾರುವ ಕಲ್ಲುರಾಶಿ. ಮೆತ್ತನೆಯ ಅಟ್ಟೆಯ ಬೂಟು ಅಲ್ಲಿ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ನನ್ನದು ಜೋಡಿಗೆ 1.6 ಕಿಲೋ ತೂಗುವ, ಮಧ್ಯದಲ್ಲಿ ಬಗ್ಗದ ಚರ್ಮದ ಬೂಟು. ತೋಟದಲ್ಲಿ ಗಿಡ ಸವರುವ ಕಪಾತಿನ ಕಾಲ ಪೂರ್ತಿ ಅದರಲ್ಲೇ ಓಡಾಡಿದೆ, ಹೊರಡುವ ಹೊತ್ತಿಗೆ ಹಿಮ್ಮಡಿಯಲ್ಲಿ ಬೊಬ್ಬೆ ಬರುವುದು ನಿಂತಿತ್ತು.

ಕೊಡಗಿನವರಿಗೆ ಬೂಟಿನ ವಿಷಯದಲ್ಲಿ ಒಂದು ವಿಶೇಷ ಎಚ್ಚರಿಕೆ. ಅಟ್ಟೆಗೂ ಚರ್ಮಕ್ಕೂ ನಡುವೆ ಮೆತ್ತೆಯಂತೆ ಇರುವ ಪಾಲಿಯುರೆಥೇನ್ ಪದರ ಗಾಳಿಯ ತೇವ ಕುಡಿದು ನಿಧಾನವಾಗಿ ಕರಗುತ್ತದೆ. ಹಾಕಿಕೊಂಡು ನಡೆಯುತ್ತಿದ್ದರೆ ಬಾಳಿಕೆ ಹೆಚ್ಚು, ಪೆಟ್ಟಿಗೆಯಲ್ಲಿ ಮಡಗಿದರೆ ಕಡಿಮೆ. ಬೆಲೆ ಬಾಳುವ ಬೂಟನ್ನು ನಾಲ್ಕಾರು ಮಳೆಗಾಲ ಅಟ್ಟದಲ್ಲಿಟ್ಟು ಹೊರತೆಗೆದರೆ ಹೊರಗೆ ಹೊಸದರಂತೆ ಹೊಳೆಯುತ್ತದೆ, ಒಳಗೆ ಪುಡಿ. ಪಕ್ಕದ ತೋಟದವರ ಎರಡು ಅಟ್ಟೆಗಳೂ ತಡಿಯಂಡಮೋಳಿನ ಕೊನೆಯ ಏರಿನಲ್ಲಿ ಒಂದೊಂದಾಗಿ ಕಳಚಿಬಿದ್ದವು, ಬಾಳೆನಾರಿನಿಂದ ಕಟ್ಟಿಕೊಂಡು ಇಳಿದರು. ಹಳೆಯ ಬೂಟನ್ನು ಹೊರಡುವ ಮೊದಲು ಹೆಬ್ಬೆರಳಿನಿಂದ ಆ ಪದರವನ್ನು ಒತ್ತಿ ನೋಡಿ. ಸಣ್ಣ ಬಿರುಕುಗಳು ಕಂಡರೆ ಮನೆಯಲ್ಲೇ ಬಿಡಿ.

ನ್ಯೂಜಿಲೆಂಡಿನ ವಿಮಾನ ನಿಲ್ದಾಣದಲ್ಲಿ ಬೂಟಿನ ತಳದ ಮಣ್ಣನ್ನೂ ಡೇರೆಯ ಗೂಟವನ್ನೂ ಪರೀಕ್ಷಿಸುತ್ತಾರೆ. ಕಾಫಿ ತೋಟದ ಮಣ್ಣೆಂದರೆ ಅವರಿಗೆ ಇನ್ನಷ್ಟು ಅನುಮಾನ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಪ್ರತಿಯೊಂದು ಸಂದನ್ನೂ ಉಜ್ಜಿ ತೊಳೆದು ಒಣಗಿಸಿ ಒಯ್ದೆ, ಇಳಿಯುವಾಗ ತುಂಬುವ ಘೋಷಣಾ ಪತ್ರದಲ್ಲಿ ಮುಚ್ಚಿಡದೆ ಬರೆದೆ. ಜೇನು ಒಯ್ಯುವಂತಿಲ್ಲ. ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸವನ್ನಂತೂ ಮರೆತುಬಿಡಿ. ಅಜ್ಜನ ಕಾಲದ ಬೇಟೆಯ ಬುತ್ತಿ ಅದೇ ಆಗಿತ್ತು, ನೀರಿಲ್ಲದ, ಕೆಡದ, ಹಗುರವಾದ ಊಟ. ಈಗಿನ ಹುಡುಗರು ದುಬಾರಿ ಪೊಟ್ಟಣಗಳಲ್ಲಿ ಕೊಳ್ಳುವುದೂ ಅದನ್ನೇ, ರುಚಿ ಮಾತ್ರ ಇಲ್ಲ.

ಮಲಗುವ ವ್ಯವಸ್ಥೆಯಲ್ಲಿ ನಾನು ಪೂರ್ತಿ ಅಳಿಯನ ಪಕ್ಷ. ಮನೆಯಲ್ಲಿದ್ದ ಅಜ್ಜನ ಕಂಬಳಿಯನ್ನು ತೂಗಿದರೆ ಎರಡೂವರೆ ಕಿಲೋ ಬಂತು, ಅದೂ ಒಣಗಿದ್ದಾಗ. ಬಾತುಕೋಳಿಯ ಮೃದುವಾದ ತುಪ್ಪುಳ ತುಂಬಿದ ಮಲಗುಚೀಲ 950 ಗ್ರಾಂ, ಶೂನ್ಯಕ್ಕಿಂತ ಕೆಳಗಿನ ಚಳಿಗೂ ಸಾಕು, ಅದುಮಿದರೆ ತೆಂಗಿನಕಾಯಿಯಷ್ಟಾಗುತ್ತದೆ. ಆದರೆ ತುಪ್ಪುಳಕ್ಕೆ ನೀರು ವೈರಿ. ನೆನೆದರೆ ಮುದ್ದೆಯಾಗುತ್ತದೆ, ಬೆಚ್ಚಗಿಡುವ ಗಾಳಿ ಅದರಲ್ಲಿ ಉಳಿಯುವುದಿಲ್ಲ. ಒಂದೇ ಸಮನೆ ಮಳೆ ಸುರಿಯುವಲ್ಲಿಗಾದರೆ ಕೃತಕ ನಾರಿನದು ಮೇಲು, ನಾಲ್ಕೈನೂರು ಗ್ರಾಂ ಹೆಚ್ಚಾದರೂ ಚಿಂತೆಯಿಲ್ಲ. ನಾವು ಹೋದದ್ದು ಟೆಕಾಪೊ ಸರೋವರಕ್ಕೆ ನೀರು ತರುವ ಗಾಡ್ಲಿ ಕಣಿವೆಯ ಕಡೆಗೆ, ಪರ್ವತಸಾಲಿನ ಪೂರ್ವಕ್ಕೆ. ಪಶ್ಚಿಮದ ತಪ್ಪಲಿಗೆ ಹೋಲಿಸಿದರೆ ಅಲ್ಲಿ ಮಳೆ ಕಡಿಮೆ. ಪಶ್ಚಿಮದಲ್ಲಿ ನಮ್ಮ ಭಾಗಮಂಡಲವನ್ನೂ ನಾಚಿಸುವ ಮಳೆ ಬೀಳುವ ಜಾಗಗಳಿವೆ. ಹಾಗಾಗಿ ತುಪ್ಪುಳವನ್ನೇ ಆರಿಸಿ, ನೀರು ಹೋಗದ ಚೀಲದೊಳಗೆ ಕಟ್ಟಿ ಒಯ್ದೆ. ಕೆಳಗೆ ಹಾಸುವುದರ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುವಷ್ಟು ಗಾಳಿ ಎಳೆದುಕೊಳ್ಳುವುದಿಲ್ಲ, ಮೈಯ ಕೆಳಗೆ ಅದುಮಿಹೋದ ತುಪ್ಪುಳ ಕೆಲಸಕ್ಕೆ ಬರುವುದಿಲ್ಲ. ಗಾಳಿ ತುಂಬುವ 450 ಗ್ರಾಮಿನ ಹಾಸಿಗೆಯ ಜತೆ ತೆಳ್ಳನೆಯ ಫೋಮಿನ ತುಂಡೊಂದನ್ನೂ ಇಟ್ಟುಕೊಂಡೆ. ಹಗಲು ಬಂಡೆಯ ಮೇಲೆ ಗಂಟೆಗಟ್ಟಲೆ ದುರ್ಬೀನು ಹಿಡಿದು ಕೂರುವಾಗ ಅದು ಕುಂಡೆಯ ಕೆಳಗೆ, ರಾತ್ರಿ ಸೊಂಟದ ಕೆಳಗೆ.

ತಡಿಯಂಡಮೋಳಿನಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಡೇರೆ, ಹಾಸಿಗೆಗಳ ಪರೀಕ್ಷೆ ನಮ್ಮ ಕಣದಲ್ಲೇ ನಡೆಯಿತು. ಜನವರಿಯ ಇಬ್ಬನಿಗೆ ಡೇರೆಯ ಒಳಮೈ ಬೆಳಗಿನ ಜಾವ ತೊಟ್ಟಿಕ್ಕುತ್ತಿತ್ತು. ಒಂದೇ ಪದರದ ಡೇರೆ ಹಗುರ, ಆದರೆ ಉಸಿರಿನ ತೇವ ಹೊರಗೆ ಹೋಗದೆ ಗೋಡೆಗೆ ಅಂಟಿ ಮಲಗುಚೀಲಕ್ಕೆ ಇಳಿಯುತ್ತದೆ. ಆ ಒಂದು ಬೆಳಗಿನಿಂದ ಎರಡು ಪದರದ ಡೇರೆ ಎಂದು ತೀರ್ಮಾನವಾಯಿತು. ಇಬ್ಬರಿಗೆ ಒಂದು, 1.6 ಕಿಲೋ, ಅವನು ಬಟ್ಟೆ ಹೊತ್ತ, ನಾನು ಕೋಲು ಗೂಟ ಹೊತ್ತೆ. ಮನೆಯ ಹೆಂಗಸರಿಗೆ ಮಾತ್ರ, ಹದಿನಾರು ಅಂಕಣದ ಮನೆಯಿದ್ದೂ ಅಂಗಳದಲ್ಲಿ ಮಲಗಿದ ಗಂಡಸಿನ ಕಥೆ ಮುಂದಿನ ಎರಡು ಮದುವೆಗಳಿಗೆ ಸಾಕಾಯಿತು.

ಒಲೆ ಅಂಗೈಯಗಲದ್ದು, ನೂರು ಗ್ರಾಮಿಗಿಂತ ಕಡಿಮೆ. ಗ್ಯಾಸಿನ ಡಬ್ಬಿಯನ್ನು ವಿಮಾನದಲ್ಲಿ ಬಿಡುವುದಿಲ್ಲ, ಅಲ್ಲೇ ಕೊಳ್ಳಬೇಕು. ಕೊಳ್ಳುವಾಗ ಒಳಗೇನಿದೆ ಎಂದು ಓದಿ. ಬರೀ ಬ್ಯೂಟೇನ್ ಶೂನ್ಯ ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಡಬ್ಬಿ ತುಂಬಿದ್ದರೂ ಒಲೆ ಉರಿಯುವುದಿಲ್ಲ. ಐಸೊಬ್ಯೂಟೇನ್, ಪ್ರೊಪೇನ್ ಬೆರೆಸಿದ್ದು ಮೈನಸ್ ಹತ್ತರ ಹತ್ತಿರದವರೆಗೂ ಎಳೆಯುತ್ತದೆ. ಆದರೂ ರಾತ್ರಿ ಡಬ್ಬಿಯನ್ನು ಮಲಗುಚೀಲದೊಳಗೆ ಕಾಲ ಬಳಿ ಇಟ್ಟುಕೊಂಡರೆ ಬೆಳಗಿನ ಕಾಫಿ ಬೇಗ ಆಗುತ್ತದೆ.

ಕಾಫಿ ಎಂದೆನಲ್ಲ. ಅಳಿಯನ ಪಟ್ಟಿಯಲ್ಲಿ ಇನ್‌ಸ್ಟಂಟ್ ಪುಡಿಯ ಪೊಟ್ಟಣಗಳಿದ್ದವು. ಮೂರು ತಲೆಮಾರಿನ ಬೆಳೆಗಾರರ ಮನೆಯವನು ಬೆಟ್ಟದ ಮೇಲೆ ಕುಳಿತು ಅದನ್ನು ಕುಡಿಯಬೇಕಂತೆ! ಬಟ್ಟೆಯ ಸೋಸು ಚೀಲವೊಂದನ್ನು ಹೊಲಿಸಿಕೊಂಡು ಹೋದೆ, 12 ಗ್ರಾಂ. ಬ್ರಷ್ಷಿನ ಹಿಡಿ ಕತ್ತರಿಸಿ ಉಳಿದ ಭಾರದಲ್ಲಿ ಹೆಚ್ಚು ಕಡಿಮೆ ಅದು ಸರಿಹೋಯಿತು. ಊಟಕ್ಕೆ ದಿನಕ್ಕೆ ತಲಾ 700 ಗ್ರಾಂ ಎಂದು ಹಿಡಿದಿದ್ದೆವು. ಗ್ರಾಮಿಗೆ ಎಷ್ಟು ಶಕ್ತಿ ಎಂಬುದೇ ಇಲ್ಲಿ ಮಾನದಂಡ: ನೂರು ಗ್ರಾಂ ಅವಲಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ, ಕಡಲೆಕಾಯಿಯಲ್ಲಿ 570ರ ಹತ್ತಿರ, ತುಪ್ಪದಲ್ಲಿ 900. ಕ್ರೈಸ್ಟ್‌ಚರ್ಚಿನ ಭಾರತೀಯ ಅಂಗಡಿಯಲ್ಲಿ ಮೂರೂ ಸಿಕ್ಕವು. ಬಿಸಿನೀರು ಸುರಿದ ಅವಲಕ್ಕಿಗೆ ಎರಡು ಚಮಚ ತುಪ್ಪ, ಹಿಡಿ ಕಡಲೆಕಾಯಿ, ಉಪ್ಪು, ಮೆಣಸಿನ ಪುಡಿ. ಪಾತ್ರೆ ತೊಳೆಯುವ ಗೋಜೂ ಇಲ್ಲ.

ಈಗ ಎಲ್ಲರೂ ಕಾಯುತ್ತಿರುವ ಕೋವಿಗೆ ಬರುತ್ತೇನೆ. .308 ರೈಫಲ್, ಪ್ಲಾಸ್ಟಿಕ್ಕಿನಂಥ ಹಿಡಿ, ತುಕ್ಕು ಹಿಡಿಯದ ಉಕ್ಕಿನ ನಳಿಗೆ, ದೂರದರ್ಶಕ ಸೇರಿ 3.4 ಕಿಲೋ. ಮನೆಯ ಜೋಡುನಳಿಗೆಯ ವಾಲ್‌ನಟ್ ಹಿಡಿಯ ಅಂದ ಇದಕ್ಕೆಲ್ಲಿ ಬರಬೇಕು? ಆದರೆ ಮರ ತೇವಕ್ಕೆ ಉಬ್ಬುತ್ತದೆ, ಉಬ್ಬಿದ ಮರ ನಳಿಗೆಯನ್ನು ಒತ್ತುತ್ತದೆ, ನಿನ್ನೆ ಸರಿಯಿದ್ದ ಗುರಿ ಇವತ್ತು ಗೇಣಷ್ಟು ತಪ್ಪುತ್ತದೆ. ಇನ್ನೂ ಒಂದು ಕಿಲೋ ಕಡಿಮೆ ತೂಗುವ ರೈಫಲ್‌ಗಳಿವೆ, ಬೆಲೆಯೂ ಹಾಗೆಯೇ ಇದೆ. ನನಗೆ ಅವು ಹಿಡಿಸುವುದಿಲ್ಲ. ಕೋವಿ ಹಗುರವಾದಷ್ಟೂ ಹೆಗಲಿಗೆ ಒದೆತ ಹೆಚ್ಚು, ಏರು ಹತ್ತಿ ಎದೆ ಹೊಡೆದುಕೊಳ್ಳುತ್ತಿರುವಾಗ ತುದಿ ನಿಲ್ಲುವುದೇ ಇಲ್ಲ. ಕೈಲ್ ಪೊಳ್ದಿನಲ್ಲಿ ಕಾಯಿ ಒಡೆದ ಜಂಬ ನನಗೂ ಇದೆ, ಆದರೆ ನಿಂತು ಕಾಯಿ ಒಡೆಯುವುದು ಬೇರೆ, ಕಮರಿಯ ಆಚೆ 200 ಮೀಟರ್ ದೂರದಲ್ಲಿ ಬಂಡೆಯ ಬಣ್ಣದ್ದೇ ಆದ ಪ್ರಾಣಿಯ ಭುಜದ ಹಿಂದೆ ಗುಂಡಿಡುವುದು ಬೇರೆ. ನಳಿಗೆಯನ್ನು ಆನಿಸಿಡುವ ಎರಡು ಕಾಲಿನ ಕವಲು (ಬೈಪಾಡ್) ಎಂದು 400 ಗ್ರಾಂ ಹೊರುವುದು ವ್ಯರ್ಥ, ಚೀಲವನ್ನೇ ಮುಂದೆ ಮಲಗಿಸಿ ಅದರ ಮೇಲೆ ಕೋವಿಯಿಟ್ಟರೆ ಅದಕ್ಕಿಂತ ಭದ್ರ. ಹೋಗುವಾಗ ತೋಟಾಗಳು ಹತ್ತು ಸಾಕು. ದುರ್ಬೀನಿನಲ್ಲಿ ಮಾತ್ರ ಉಳಿಸಬೇಡಿ. 700 ಗ್ರಾಮಿನ ಒಳ್ಳೆಯ ದುರ್ಬೀನು ಕಾಲಿಗೆ ಎಷ್ಟೋ ಏರುಗಳನ್ನು ತಪ್ಪಿಸುತ್ತದೆ, ಕೂತಲ್ಲೇ ಇಡೀ ಎದುರು ಬೆಟ್ಟವನ್ನು ಹುಡುಕಬಹುದು.

ಕೊಡವರು ಸೊಂಟಕ್ಕೆ ಸಿಕ್ಕಿಸುವ ಪೀಚೆಕತ್ತಿಯನ್ನು ಮನೆಯಲ್ಲೇ ಬಿಟ್ಟೆ. ಬೆಳ್ಳಿಯ ಒರೆಯೇ ಅದರ ಭಾರ. ಮೂಳೆ ಬಿಡಿಸಲು ನಾಲ್ಕು ಬೆರಳುದ್ದದ, 90 ಗ್ರಾಮಿನ ಕತ್ತಿ ಧಾರಾಳವಾಗಿ ಸಾಕು. ಹೊಟ್ಟೆ ಬಗೆಯದೆ, ಮಲಗಿದ ಪಕ್ಕದಿಂದಲೇ ಚರ್ಮ ಬಿಡಿಸಿ, ತೊಡೆ, ಭುಜ, ಬೆನ್ನಿನ ಪಟ್ಟಿಗಳನ್ನು ಬೇರ್ಪಡಿಸಿ, ಮಗುಚಿ ಇನ್ನೊಂದು ಪಕ್ಕ ಮಾಡುವ ವಿಧಾನವನ್ನು ಅಳಿಯ ಅಲ್ಲಿನವರಿಂದ ಕಲಿತಿದ್ದಾನೆ. ಮಾಂಸವನ್ನು ತೆಳು ಬಟ್ಟೆಯ ಚೀಲಗಳಿಗೆ ಹಾಕಿ ಗಾಳಿಯಾಡಲು ಬಿಟ್ಟು, ಬಿಸಿ ಆರಿದ ಮೇಲೆ ಕಟ್ಟಬೇಕು. ಪ್ಲಾಸ್ಟಿಕ್ಕಿನಲ್ಲಿ ಬಿಸಿಬಿಸಿ ಕಟ್ಟಿದರೆ ಕೆಳಗಿಳಿಯುವಷ್ಟರಲ್ಲಿ ನಾತ. ಬೆದೆಗೆ ಬಂದ ದೊಡ್ಡ ಗಂಡಿನ ಮೈಗೆ ಆ ನಾತ ಹುಟ್ಟಿನಿಂದಲೇ ಇರುತ್ತದೆಯೋ ಎಂಬಷ್ಟು. ಕೇಸರದ ಆಸೆ ಬಿಟ್ಟು ಎಳೆಯದೊಂದನ್ನು ಆರಿಸಿದೆವು. ಅದಕ್ಕೂ ಮುಂಚೆ ಒಂದು ಭರ್ಜರಿ ಗಂಡನ್ನು ಕಣ್ಣೆದುರಿಗೇ ಬಿಟ್ಟುಕೊಟ್ಟೆವು. ಅದು ನಿಂತದ್ದು ಬಂಡೆಯ ಅಂಚಿನಲ್ಲಿ, ಹೊಡೆದರೆ ಉರುಳುವುದು ಪಾತಾಳಕ್ಕೆ. ‘ಎತ್ತಿ ತರುವ ದಾರಿ ಕಾಣದಿದ್ದರೆ ಕೋವಿಯ ಕುದುರೆಯ ಮೇಲೆ ಬೆರಳಿಡಬೇಡಿ ಮಾವ’ ಎಂದ ಹುಡುಗ. ಅಜ್ಜನೂ ಇದನ್ನೇ ಹೇಳುತ್ತಿದ್ದರು, ಇಷ್ಟು ವಿನಯವಾಗಿ ಅಲ್ಲ.

ಅಪಾಯದಲ್ಲಿ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಾಧನ 150 ಗ್ರಾಮಿನ ಒಳಗಿದೆ, ಅದನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಆದರೆ ಇಲ್ಲಿಂದ ಕೊಂಡು ಒಯ್ಯಬೇಡಿ, ಅಲ್ಲಿಂದ ತರಲೂ ಬೇಡಿ. ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣಗಳನ್ನು ಅನುಮತಿಯಿಲ್ಲದೆ ಇಟ್ಟುಕೊಂಡು ನಮ್ಮ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ವಿದೇಶಿ ಪ್ರವಾಸಿಗಳಿದ್ದಾರೆ. ನ್ಯೂಜಿಲೆಂಡಿನಲ್ಲಿ ಬಾಡಿಗೆಗೆ ಸಿಗುತ್ತದೆ. ಬಟ್ಟೆಯ ವಿಚಾರದಲ್ಲಿ ಹೇಳುವುದು ಹೆಚ್ಚಿಲ್ಲ: ಮೈಗೆ ಉಣ್ಣೆ, ಕೂತಾಗ ತೊಡಲು ತುಪ್ಪುಳದ ಅಂಗಿ, ಮೇಲೆ ಮಳೆಯಂಗಿ, ಎರಡು ಜತೆ ಕಾಲುಚೀಲ. ಹತ್ತಿಯದು ಒಂದು ಕರವಸ್ತ್ರವೂ ಬೇಡ. ಹಿಮವಿದ್ದರೆ ಬೂಟಿನ ಕೆಳಗೆ ಕಟ್ಟುವ ಮುಳ್ಳುಗಳು ಬೇಕು. ಅಲ್ಯೂಮಿನಿಯಮ್ಮಿನವು ಹಗುರ, ಆದರೆ ಕಲ್ಲಿಗೆ ತಾಗಿ ಬೇಗ ಮೊಂಡಾಗುತ್ತವೆ. ಥಾರ್ ಇರುವಲ್ಲಿ ಹಿಮಕ್ಕಿಂತ ಕಲ್ಲೇ ಹೆಚ್ಚು, ಉಕ್ಕಿನದನ್ನೇ ಹೊರುವುದು ಒಳ್ಳೆಯದು.

ಹೊರಡುವ ದಿನ ಬುತ್ತಿ, ಕೋವಿ ಎಲ್ಲ ಸೇರಿ ನನ್ನ ಹೊರೆ ಸುಮಾರು 17 ಕಿಲೋ. ಅಳಿಯನದು 15, ಅದೇ ಚೌಕಟ್ಟಿಲ್ಲದ ಚೀಲದಲ್ಲಿ. ಹೋಗುವಾಗ ಹುಡುಗ ಸೀಟಿ ಹೊಡೆಯುತ್ತಾ ಮುಂದೆ ಮುಂದೆ ನಡೆದ. ಇಳಿಯುವ ದಿನ ಮಾಂಸವನ್ನು ಸರಿಸಮ ಹಂಚಿಕೊಂಡು ಹೊರಟೆವು. ಕಲ್ಲುರಾಶಿ ಮುಗಿದು ನದಿಯ ಹರವಿಗೆ ಇಳಿಯುವ ಮೊದಲೇ ಅವನು ಮೂರು ಸಲ ಚೀಲ ಕೆಳಗಿಳಿಸಿ ಹೆಗಲು ತಿಕ್ಕಿಕೊಂಡ. ನಾನು ಏನೂ ಹೇಳಲಿಲ್ಲ. ಅವನ ಪಾಲಿನ ಒಂದು ತೊಡೆಯನ್ನು ಬಿಚ್ಚಿ ನನ್ನ ಚೌಕಟ್ಟಿಗೆ ಸಿಕ್ಕಿಸಿಕೊಂಡೆ, ಅಷ್ಟೇ. ನದಿ ಅಲ್ಲಿ ಹತ್ತಾರು ಸೀಳುಗಳಾಗಿ ಹರಿಯುತ್ತದೆ, ಮೊಣಕಾಲುದ್ದದ ಮಂಜುನೀರು. ಬೂಟು ಬಿಚ್ಚುವ ಪ್ರಶ್ನೆಯಿಲ್ಲ, ಹಾಗೇ ದಾಟಬೇಕು, ದಾಟುವಾಗ ಸೊಂಟದ ಪಟ್ಟಿ ಸಡಿಲಿಸಿರಬೇಕು. ಜಾರಿ ಬಿದ್ದರೆ ಚೀಲವನ್ನು ಕಳಚಿಕೊಂಡು ಏಳುವುದು ಮುಖ್ಯ.

ಈಗ ಅವನು ಚೌಕಟ್ಟಿನ ಚೀಲ ಕೊಂಡಿದ್ದಾನೆ, ಆ ಜಗಳ ಮುಗಿಯಿತು. ಹೊಸ ಜಗಳ ಡೇರೆಯದು. ಅಲ್ಲಿ ಕೆಯಾ ಎಂಬ ಬೆಟ್ಟದ ಗಿಳಿಯಿದೆ, ಹಸಿರು ಮೈ, ಕೊಕ್ಕೆಯಂಥ ಕೊಕ್ಕು, ಅಂಜಿಕೆ ಎಂಬುದು ಗೊತ್ತಿಲ್ಲ. ಕಾನೂನಿನ ರಕ್ಷಣೆ ಬೇರೆ ಇದೆ, ಬೈಯುವುದು ಬಿಟ್ಟು ಏನೂ ಮಾಡುವಂತಿಲ್ಲ. ನಾವು ಬೇಟೆಗೆ ಹೋದಾಗ ಡೇರೆಯ ಹೊರಪದರವನ್ನು ಸೀಳಿ, ಗೂಟದ ಹಗ್ಗಗಳನ್ನು ಕಚ್ಚಿ, ನನ್ನ ಕಾಫಿ ಸೋಸುವ ಬಟ್ಟೆಯನ್ನು ಹೊತ್ತುಕೊಂಡು ಹೋದವು. ಹೇಗೂ ಹರಿಯುತ್ತವೆ, ಇನ್ನು ಮುಂದೆ ಅರ್ಧ ಕಿಲೋ ತೂಗದ ಟಾರ್ಪಾಲು ಸಾಕು ಎನ್ನುತ್ತಾನೆ ಅಳಿಯ. ಗಾಳಿಗೆ ಅದು ನಿಲ್ಲದು ಎನ್ನುತ್ತೇನೆ ನಾನು. ಮುಂದಿನ ಮಳೆಗಾಲದಲ್ಲಿ ಒಂದು ಟಾರ್ಪಾಲನ್ನು ನಮ್ಮ ಗುಡ್ಡದ ನೆತ್ತಿಯಲ್ಲಿ ಕಟ್ಟಿ, ಜುಲೈ ತಿಂಗಳ ಒಂದು ರಾತ್ರಿ ಅದರ ಕೆಳಗೆ ಮಲಗಿ ತೋರಿಸು, ಆಮೇಲೆ ಮಾತಾಡೋಣ ಎಂದು ಹೇಳಿದ್ದೇನೆ. ರಜೆ ಸಿಗುವುದಿಲ್ಲ ಎನ್ನುತ್ತಿದ್ದಾನೆ.